ದನಿಯ ಒಡೆತನ ಯಾರದು?

2024ರ ಜುಲೈ 12ರ ಬೆಳಿಗ್ಗೆ ವಿಜಯನಗರದಲ್ಲಿ ಮೆಟ್ರೊ ಹತ್ತಿದೆ. ನಿರೂಪಕಿ ಅಪರ್ಣಾ ತೀರಿಕೊಂಡ ಸುದ್ದಿ ಹಿಂದಿನ ರಾತ್ರಿಯೇ ಊರೆಲ್ಲ ಹರಡಿತ್ತು. ಬೋಗಿಯಲ್ಲಿದ್ದ ಕೆಲವರ ಮೊಬೈಲ್ ಪರದೆಯ ಮೇಲೆ ಅವರದೇ ಭಾವಚಿತ್ರ. ರೈಲು ಹೊರಟಿತು. ‘ಮುಂದಿನ ನಿಲ್ದಾಣ’ ಎಂದು ಅದೇ ದನಿ, ಎಂದಿನ ಸಾವಧಾನದಲ್ಲಿ, ಕೇಳಿಸಿತು. ಎದುರು ಕುಳಿತಿದ್ದ ಹಿರಿಯರೊಬ್ಬರು ಪರದೆಯಿಂದ ಕಣ್ಣೆತ್ತಿ ಧ್ವನಿವರ್ಧಕದ ಕಡೆ ನೋಡಿದರು. ಮತ್ತೆ ತಲೆ ತಗ್ಗಿಸಿದರು.

ನಮ್ಮ ತಲೆಮಾರಿನ ಬೆಂಗಳೂರಿಗರಿಗೆ ಅಪರ್ಣಾ ಮೊದಲು ಪರಿಚಯವಾದದ್ದು ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ವಿನ ಮೂಲಕ. ಆದರೆ ಅವರು ಮನೆಮನೆಯ ಮಾತಾದದ್ದು ಸಿನಿಮಾದಿಂದಲ್ಲ. ಬೆಂಗಳೂರು ದೂರದರ್ಶನದ ಕಾರ್ಯಕ್ರಮಗಳು, ಆಕಾಶವಾಣಿ, ಸರ್ಕಾರಿ ಸಮಾರಂಭಗಳ ವೇದಿಕೆಗಳು ಅವರ ನಿಜವಾದ ಕಾರ್ಯಕ್ಷೇತ್ರವಾಗಿದ್ದವು. 1998ರ ದೀಪಾವಳಿಯಂದು ಎಂಟು ಗಂಟೆಗಳ ಕಾಲ ಎಡೆಬಿಡದೆ ನಿರೂಪಣೆ ಮಾಡಿದ್ದರು. ಬಹಳ ವರ್ಷಗಳ ನಂತರ ‘ಮಜಾ ಟಾಕೀಸ್’ನ ವರಲಕ್ಷ್ಮಿಯಾಗಿ ತಮ್ಮ ಗಾಂಭೀರ್ಯವನ್ನೇ ತಾವು ಗೇಲಿ ಮಾಡಿಕೊಂಡು, ಅವರ ಹಳೆಯ ಕಾರ್ಯಕ್ರಮಗಳನ್ನು ನೋಡಿರದ ಮಕ್ಕಳಿಗೂ ಪ್ರಿಯರಾದರು. ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾದಾಗ ವೈದ್ಯರು ಕೊಟ್ಟದ್ದು ಆರು ತಿಂಗಳ ಗಡುವು. ಅವರು ಸುಮಾರು ಎರಡು ವರ್ಷ ಬದುಕಿದರು ಎಂದು ಪತಿ, ಲೇಖಕ ನಾಗರಾಜ ವಸ್ತಾರೆ ಅವರೇ ಹೇಳಿದ್ದಾರೆ. ಉಸಿರನ್ನೇ ಬಂಡವಾಳ ಮಾಡಿಕೊಂಡವರಿಗೆ ಇಂಥ ಕಾಯಿಲೆ. ಇದರ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ಅವರ ಉಚ್ಚಾರಣೆಯ ಶುದ್ಧಿಯನ್ನು ಎಲ್ಲರೂ ಹೊಗಳಿದ್ದಾರೆ. ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸ, ಶ–ಷ–ಸಗಳ ಸ್ಥಾನ, ಲಕಾರ ಮತ್ತು ಳಕಾರಗಳ ಭೇದ ಎಲ್ಲವೂ ಅಲ್ಲಿದ್ದವು. ಆದರೆ ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅವರು ವಾಕ್ಯಗಳ ನಡುವೆ ಬಿಡುತ್ತಿದ್ದ ಜಾಗ. ಹೇಳುವ ವಿಷಯ ಮುಂದೆ, ಹೇಳುವವರು ಒಂದು ಹೆಜ್ಜೆ ಹಿಂದೆ ಎಂಬ ಶಿಸ್ತು ಅದು. 2006ರ ಡಿಸೆಂಬರಿನಲ್ಲಿ ಟಿವಿ9 ಕನ್ನಡ ವಾಹಿನಿ ಆರಂಭವಾದ ಮೇಲೆ, ದಿನವಿಡೀ ಸುದ್ದಿ ಬಿತ್ತರಿಸುವ ವಾಹಿನಿಗಳು ಒಂದರ ಹಿಂದೊಂದು ಬಂದವು. ಇಪ್ಪತ್ನಾಲ್ಕು ಗಂಟೆಗೆ ಸಾಲುವಷ್ಟು ಸುದ್ದಿ ಯಾವ ನಾಡಿನಲ್ಲೂ ಹುಟ್ಟುವುದಿಲ್ಲ. ಉಳಿದ ಹೊತ್ತನ್ನು ತುಂಬಿದ್ದು ನಿರೂಪಕರ ಏರುದನಿ. ಓದುವವರು ವಿಚಾರಣೆ ನಡೆಸುವವರಾದರು, ಆಮೇಲೆ ತೀರ್ಪು ನೀಡುವವರೂ ಆದರು. ವೀಕ್ಷಕರಾದ ನಾವು ಇದನ್ನು ದೂರುತ್ತಲೇ ನೋಡಿದೆವು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈ ಮೆಚ್ಚುಗೆಗೆ ಒಂದು ತಕರಾರನ್ನು ಸೇರಿಸದಿದ್ದರೆ ಅಪ್ರಾಮಾಣಿಕತೆಯಾದೀತು. ‘ಶುದ್ಧ ಕನ್ನಡ’ ಎಂದು ನಾವು ಕರೆಯುವುದು ಬಹುಮಟ್ಟಿಗೆ ಹಳೇ ಮೈಸೂರು ಭಾಗದ ಸುಶಿಕ್ಷಿತರ ಕನ್ನಡ. ಕಲಬುರಗಿಯ ಅಥವಾ ಧಾರವಾಡದ ಮಾತಿನ ಲಯಕ್ಕೆ ಸಾರ್ವಜನಿಕ ಮಾಧ್ಯಮಗಳಲ್ಲಿ ಹಾಸ್ಯದ ಪಾತ್ರ ಸಿಕ್ಕಷ್ಟು ಸುಲಭವಾಗಿ ವಾರ್ತೆಯ ಪೀಠ ಸಿಗಲಿಲ್ಲ. ಹಕಾರ ತಪ್ಪಿದವರನ್ನು ಆಡಿಕೊಳ್ಳುವುದು ನಮ್ಮಲ್ಲಿ ಇನ್ನೂ ವಿನೋದವೆನಿಸಿಕೊಂಡಿದೆ. ಅಪರ್ಣಾ ತಮ್ಮ ಶುದ್ಧಿಯನ್ನು ಯಾರ ಮೇಲೂ ಬೆತ್ತದಂತೆ ಬೀಸಿದವರಲ್ಲ. ಅವರ ಅಭಿಮಾನಿಗಳ ಬಗ್ಗೆ ಅಷ್ಟೇ ಖಚಿತವಾಗಿ ಹೇಳಲಾರೆ.

2017ರಲ್ಲಿ ಮೆಟ್ರೊ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಹೋರಾಟ ನಡೆದು, ಕೊನೆಗೆ ಅವನ್ನು ಕೈಬಿಡಲಾಯಿತು. ಫಲಕದ ಅಕ್ಷರಕ್ಕಾಗಿ ನಾವು ಬೀದಿಗಿಳಿದೆವು. ಆದರೆ ಹೊರನಾಡುಗಳಿಂದ ಬಂದ ಸಾವಿರಾರು ಮಂದಿಗೆ ‘ಹಳ್ಳಿ’ ಎಂಬುದು ‘ಹಲ್ಲಿ’ಯಲ್ಲ ಎಂದು ದಿನಕ್ಕೆ ಹತ್ತಾರು ಬಾರಿ, ಬೇಸರವಿಲ್ಲದೆ ಕಲಿಸುತ್ತಿದ್ದ ದನಿ ಯಾರದೆಂದು ಬಹುತೇಕರು ವಿಚಾರಿಸಿದ್ದು ಆ ಜೀವ ಹೋದ ಮೇಲೆಯೇ.

ನನ್ನನ್ನು ಈಗ ಕಾಡುತ್ತಿರುವುದು ಬೇರೆ ಪ್ರಶ್ನೆ. ಮೆಟ್ರೊ ಮಾರ್ಗ ಬೆಳೆಯುತ್ತಿದೆ. ಹೊಸ ನಿಲ್ದಾಣಕ್ಕೆ ಹೊಸ ಹೆಸರು, ಅದಕ್ಕೊಂದು ಹೊಸ ಪ್ರಕಟಣೆ ಬೇಕು. ಗತಿಸಿದವರ ಧ್ವನಿಮುದ್ರಣಗಳನ್ನು ಯಂತ್ರಕ್ಕೆ ಉಣಿಸಿ, ಅವರು ಎಂದೂ ಆಡದ ಮಾತುಗಳನ್ನು ಅವರದೇ ದನಿಯಲ್ಲಿ ಆಡಿಸುವ ತಂತ್ರಜ್ಞಾನ ಸಿದ್ಧವಾಗಿದೆ. 2023ರ ಜುಲೈನಲ್ಲಿಯೇ ಪವರ್ ಟಿವಿ ‘ಸೌಂದರ್ಯಾ’ ಎಂಬ ಕೃತಕ ಬುದ್ಧಿಮತ್ತೆಯ ವಾರ್ತಾವಾಚಕಿಯನ್ನು ಪರದೆಗೆ ತಂದಿತ್ತು. ಇಲ್ಲದ ವ್ಯಕ್ತಿಯನ್ನು ಸೃಷ್ಟಿಸುವುದು ಒಂದು ಬಗೆ. ಇದ್ದು ಹೋದವರನ್ನು ಮತ್ತೆ ದುಡಿಸಿಕೊಳ್ಳುವುದು ಇನ್ನೊಂದು ಬಗೆ. ಅಪರ್ಣಾ ಅವರ ವಿಷಯದಲ್ಲಿ ಹೀಗೆ ಆಗಿದೆ ಎಂದಲ್ಲ. ಆಗುವುದಾದರೆ ತಡೆಯುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಕಾನೂನಿನ ಉತ್ತರ ಸಮಾಧಾನ ತರುವಂಥದ್ದಲ್ಲ. ಅಪರ್ಣಾ ತೀರಿಕೊಂಡ ಎರಡೇ ವಾರಗಳಲ್ಲಿ, ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ಯಂತ್ರದಿಂದ ಅನುಕರಿಸುವುದಕ್ಕೆ ಬಾಂಬೆ ಹೈಕೋರ್ಟ್ ತಡೆ ನೀಡಿತು. ಆದರೆ ಅವರು ಬದುಕಿರುವವರು, ಸ್ವತಃ ನ್ಯಾಯಾಲಯದ ಬಾಗಿಲು ತಟ್ಟಬಲ್ಲವರು. ಅದಕ್ಕೆ ಒಂದು ವರ್ಷ ಮೊದಲು, ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆಯ ಅರ್ಜಿಯ ವಿಚಾರಣೆಯಲ್ಲಿ ದೆಹಲಿ ಹೈಕೋರ್ಟ್, ವ್ಯಕ್ತಿತ್ವದ ಹಕ್ಕುಗಳು ವ್ಯಕ್ತಿಯೊಂದಿಗೇ ಕೊನೆಗೊಳ್ಳುತ್ತವೆ, ವಾರಸುದಾರರಿಗೆ ಬರುವುದಿಲ್ಲ ಎಂಬ ನಿಲುವು ತಳೆದಿತ್ತು. ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶನ ಕಲಾವಿದರಿಗೆ ಐವತ್ತು ವರ್ಷಗಳ ಹಕ್ಕನ್ನು ಕೊಡುತ್ತದೆ ನಿಜ. ಆದರೆ ಅದು ರಕ್ಷಿಸುವುದು ಅವರು ನೀಡಿದ ಪ್ರದರ್ಶನವನ್ನು. ಅದನ್ನು ಕೇಳಿ ಕಲಿತ ಯಂತ್ರ ಹೊಸದಾಗಿ ಹೊರಡಿಸುವ ದನಿ ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬುದು ಬಗೆಹರಿಯದ ಪ್ರಶ್ನೆ.

ಲಂಡನ್ನಿನ ಎಂಬ್ಯಾಂಕ್‌ಮೆಂಟ್ ನಿಲ್ದಾಣದಲ್ಲಿ ಆಸ್ವಾಲ್ಡ್ ಲಾರೆನ್ಸ್ ಎಂಬ ನಟ ಎಂದೋ ಮುದ್ರಿಸಿದ್ದ ಎಚ್ಚರಿಕೆಯ ಮಾತೊಂದು ಕೇಳಿಬರುತ್ತಿತ್ತು. ಅವರು ತೀರಿಕೊಂಡ ಬಳಿಕ, ಅದನ್ನು ಕೇಳಲೆಂದೇ ಅವರ ಪತ್ನಿ ಅಲ್ಲಿ ಹೋಗಿ ಕೂರುತ್ತಿದ್ದರು. ಹೊಸ ವ್ಯವಸ್ಥೆ ಬಂದು ಆ ದನಿ ನಿಂತುಹೋದಾಗ ಅವರು ಸಾರಿಗೆ ಸಂಸ್ಥೆಯನ್ನು ಕೇಳಿಕೊಂಡರು. 2013ರಲ್ಲಿ ಅದನ್ನು ಆ ಒಂದು ನಿಲ್ದಾಣಕ್ಕೆ ಮರಳಿ ತರಲಾಯಿತು. ಅಲ್ಲಿ ಮರಳಿದ್ದು ಅವರೇ ಆಡಿದ್ದ ಮಾತು, ಹೊಸದೊಂದು ಅಕ್ಷರವೂ ಇರಲಿಲ್ಲ.

ನಮ್ಮ ಮೆಟ್ರೊ ನಿಗಮ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಅಪರ್ಣಾ ಅವರ ಮೂಲ ಧ್ವನಿಮುದ್ರಣಗಳನ್ನು ಕಾಪಿಡಬೇಕು. ಕುಟುಂಬದ ಲಿಖಿತ ಒಪ್ಪಿಗೆಯಿಲ್ಲದೆ ಅವುಗಳಿಂದ ಹೊಸ ಮಾತು ತಯಾರಿಸುವುದಿಲ್ಲ ಎಂದು ಬಹಿರಂಗವಾಗಿ ಘೋಷಿಸಬೇಕು. ಇನ್ನು ಮುಂದೆ ದನಿ ಕೊಡುವವರ ಕರಾರಿನಲ್ಲಿ ಈ ಷರತ್ತು ಮೊದಲೇ ಇರಬೇಕು. ಹೊಸ ನಿಲ್ದಾಣಗಳ ಹೆಸರು ಹೇಳಲು ಹೊಸಬರೊಬ್ಬರು ಬರಲಿ. ಅವರು ಕಲಬುರಗಿಯವರಾದರೂ ಆದೀತು.