ಕಾಣದ ಪೆಟ್ಟು

ಮೊಣಕಾಲು ತರಚಿದರೆ ರಕ್ತ ಕಾಣುತ್ತದೆ. ಕೈ ಮುರಿದರೆ ಪ್ಲಾಸ್ಟರು ಕಾಣುತ್ತದೆ. ಕಂಡವರೆಲ್ಲ ಮರುಗುತ್ತಾರೆ. ಆದರೆ ತಲೆಯೊಳಗಿನ ಪೆಟ್ಟಿಗೆ ಸಾಕ್ಷಿ ಯಾರು? ಪೆಟ್ಟು ತಿಂದ ಮಗುವೊಂದೇ. ಆ ಸಾಕ್ಷಿಯನ್ನು ನಂಬುವ ಅಭ್ಯಾಸ ನಮಗಿನ್ನೂ ಬಂದಿಲ್ಲವೆಂಬುದೇ ನಮ್ಮ ದೂರು. ಈ ದೂರಿನಲ್ಲಿ ಮೊದಲ ಅಪರಾಧಿಗಳೂ ನಾವೇ.

ಕೆಲವು ವರ್ಷಗಳ ಹಿಂದೆ, ನಾವು ಪಾಠ ಹೇಳುತ್ತಿದ್ದ ಶಾಲೆಯೊಂದರ ಅಂಗಳದಲ್ಲಿ, ಕಬಡ್ಡಿಯಾಡುತ್ತಿದ್ದ ಇಬ್ಬರು ಹುಡುಗರ ತಲೆಗಳು ಒಂದಕ್ಕೊಂದು ಬಡಿದವು. ಇಬ್ಬರೂ ಒಂದೇ ಇಯತ್ತೆಯವರು. ಇಬ್ಬರಿಗೂ ಎಚ್ಚರ ತಪ್ಪಿರಲಿಲ್ಲ. ಒಬ್ಬನು ಐದಾರು ದಿನಗಳಲ್ಲಿ ಮೊದಲಿನಂತಾದನು. ಇನ್ನೊಬ್ಬನು ಮೂರು ವಾರ ಕಳೆದರೂ ಕರಿಹಲಗೆಯನ್ನು ನೋಡಿದರೆ ತಲೆನೋವೆನ್ನುತ್ತಿದ್ದನು, ಗದ್ದಲವಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದನು, ಮಾತುಮಾತಿಗೆ ಸಿಡುಕುತ್ತಿದ್ದನು. “ಅವನಿಗಿಲ್ಲದ ನೋವು ನಿನಗೆಲ್ಲಿಂದ ಬಂತು?” ಎಂದು ನಾವು ತರಗತಿಯೆದುರಿನಲ್ಲೇ ಕೇಳಿದೆವು. ಮಕ್ಕಳು ನಕ್ಕರು. ಅಂದಿನಿಂದ ಅವನು ತಲೆನೋವಿನ ಮಾತೆತ್ತಲಿಲ್ಲ. ನೋವು ಹೋಗಿರಲಿಲ್ಲ, ಬಾಯಿ ಮಾತ್ರ ಮುಚ್ಚಿತ್ತು. ವೈದ್ಯರು ಹೇಳಿದ್ದನ್ನು ಅವನ ತಾಯಿ ನಮಗೆ ಬಂದು ತಿಳಿಸಿದಾಗ ನಾವು ತಲೆ ತಗ್ಗಿಸಬೇಕಾಯಿತು.

ಈ ಪೆಟ್ಟಿಗೆ ವೈದ್ಯರು ‘ಕನ್‌ಕಷನ್’ ಎನ್ನುತ್ತಾರೆ. ತಲೆಗೋ ಮೈಗೋ ಬಲವಾದ ಹೊಡೆತ ಬಿದ್ದಾಗ ಬುರುಡೆಯೊಳಗೆ ಮಿದುಳು ಅಲುಗಾಡಿ, ಅದರ ಕೆಲಸ ಕೆಲಕಾಲ ಏರುಪೇರಾಗುತ್ತದೆ. ಬಹುಮಂದಿಗೆ ಎಚ್ಚರ ತಪ್ಪುವುದಿಲ್ಲ, ಸಿ.ಟಿ. ಸ್ಕ್ಯಾನಿನಲ್ಲಿಯೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಒಬ್ಬನಿಗೆ ತಲೆನೋವು, ಒಬ್ಬಳಿಗೆ ತಲೆಸುತ್ತು, ಮತ್ತೊಬ್ಬನಿಗೆ ಮರೆವು, ಇನ್ನೊಬ್ಬಳಿಗೆ ಕಾರಣವಿಲ್ಲದ ಅಳು. ಹೇಳಲು ಬಾರದ ಎಳೆಯ ಮಗು ಊಟ ಬಿಟ್ಟು, ಆಟ ಬಿಟ್ಟು, ರಚ್ಚೆ ಹಿಡಿಯಬಹುದು. ಹೆಚ್ಚಿನ ಮಕ್ಕಳು ನಾಲ್ಕು ವಾರಗಳೊಳಗೆ ಗುಣವಾಗುತ್ತಾರೆ. ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ. ಮೊದಲೇ ಇಂಥ ಪೆಟ್ಟು ತಿಂದವರಿಗೆ, ಅರೆತಲೆನೋವಿನ ತೊಂದರೆಯಿದ್ದವರಿಗೆ, ಮೊದಲ ದಿನಗಳಲ್ಲಿ ಬಾಧೆ ತೀವ್ರವಾಗಿದ್ದವರಿಗೆ ತಡವಾಗುವ ಸಂಭವ ಹೆಚ್ಚು. ಕೈಯ ಐದು ಬೆರಳೂ ಸಮನಲ್ಲವೆಂದು ಒಪ್ಪುವ ನಾವು, ಎಲ್ಲ ತಲೆಗಳೂ ಒಂದೇ ದಿನ ಗುಣವಾಗಬೇಕೆಂದು ಹಟ ಹಿಡಿಯುವುದು ನ್ಯಾಯವೇ?

ಗಟ್ಟಿಗರಿಗೆ ಹೀಗಾಗುವುದಿಲ್ಲವೆಂದು ಭಾವಿಸುವವರು 2019ರ ಆಗಸ್ಟಿನ ಲಾರ್ಡ್ಸ್ ಟೆಸ್ಟನ್ನು ನೆನೆಯಲಿ. ಆರ್ಚರರ ಚೆಂಡು ಬಡಿದು ಹೊರನಡೆದ ಸ್ಟೀವ್ ಸ್ಮಿತ್, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಂದೇ ಮರಳಿ ಬ್ಯಾಟು ಹಿಡಿದರು. ಆದರೆ ಮರುದಿನ ಬೆಳಿಗ್ಗೆ ತಲೆನೋವೂ ಮಂಕೂ ಕಾಣಿಸಿಕೊಂಡವು. ಅವರ ಬದಲಿಗೆ ಲಬುಶೇನ್ ಆಡಿದರು. ಟೆಸ್ಟ್ ಪಂದ್ಯದಲ್ಲಿ ಇಂಥ ಬದಲಿ ಆಟಗಾರನು ಇಳಿದದ್ದು ಅದೇ ಮೊದಲು. ಸ್ಮಿತ್ ಮುಂದಿನ ಪಂದ್ಯವನ್ನೂ ಬಿಟ್ಟರು. ಅದರ ನಂತರದ ಪಂದ್ಯದಲ್ಲಿ 211 ರನ್ನು ಗಳಿಸಿದರು. ಕಾದದ್ದರಿಂದ ಅವರ ಹಿರಿಮೆ ಕುಗ್ಗಿತೇ?

ಆದುದರಿಂದ, ವಿದ್ಯಾರ್ಥಿಗಳೇ, ತಲೆಗೆ ಪೆಟ್ಟಾದ ಗೆಳೆಯನನ್ನು ಆ ದಿನ ಮತ್ತೆ ಆಟಕ್ಕೆ ಕರೆಯದಿರಿ, ಹಿರಿಯರಿಗೆ ತಿಳಿಸಿರಿ. ಮೇಲಿಂದ ಮೇಲೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಸೆಳವು, ತೊದಲು ಮಾತು ಕಂಡರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಉಳಿದಂತೆ ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ತುಸು ನಡೆದಾಟ, ಮೆಲ್ಲಮೆಲ್ಲನೆ ಪಾಠ, ವೈದ್ಯರು ಒಪ್ಪಿದ ಮೇಲೆಯೇ ಪೈಪೋಟಿಯ ಆಟ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವ ಪದ್ಧತಿಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಗುಣವಾಗುವ ಮುನ್ನ ಬೀಳುವ ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಘೋರವಾಗಬಲ್ಲದು.

ನಮ್ಮ ಮುಂಬಯಿಯ ಚಾಳುಗಳ ಒಂಟಿ ಕೋಣೆಯಲ್ಲಿ ಮೌನವೆಂಬುದು ದುರ್ಲಭ ವಸ್ತು. ತಮ್ಮನು ನೋವಿನಿಂದ ಮಲಗಿದಾಗ ಟಿ.ವಿ.ಯ ದನಿ ತಗ್ಗಿಸುವ ಅಕ್ಕ, ಗೆಳೆಯನಿಗೆ ಟಿಪ್ಪಣಿ ಬರೆದುಕೊಡುವ ಸಹಪಾಠಿ, ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೊಡುವ ಶಿಕ್ಷಕ, ಇವರೆಲ್ಲ ಔಷಧಿಯ ಕೆಲಸವನ್ನೇ ಮಾಡುತ್ತಾರೆ. “ಇನ್ನೂ ನೋಯುತ್ತದೆ” ಎಂದು ಮಗುವೊಂದು ಹೇಳಿದಾಗ “ಹೌದೇ, ಕುಳಿತುಕೋ” ಎನ್ನುವಷ್ಟು ದೊಡ್ಡ ಮನಸ್ಸು ನಮ್ಮೆಲ್ಲರಿಗೂ ಬರಲಿ. ಅಂದು ಆ ಹುಡುಗನಿಗೆ ನಾವು ಆಡಬೇಕಾಗಿದ್ದ ಮಾತು ಅಷ್ಟೇ ಆಗಿತ್ತು.