ಬೀದರ–ಕಲಬುರಗಿ: ದೂರದ ಲೆಕ್ಕ, ಹೊತ್ತಿನ ಲೆಕ್ಕ



ಪರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ, "ಸರ್, ಬೀದರದಿಂದ ಕಲಬುರಗಿಗೆ ವಿಮಾನದಾಗ ಹೋದ್ರ ಎಷ್ಟೊತ್ತು ಹಿಡೀತದ್ರೀ?" ಎಂದು ಕೇಳಿದ. "ಅಂಥ ವಿಮಾನವೇ ಇಲ್ಲಪ್ಪಾ" ಎಂದೆ. ಆದರೂ ಗಣಿತ ಕಲಿಸಿದವನ ಚಟ ಬಿಡುವುದುಂಟೇ? ಕಾಗದ ಹಿಡಿದು ಕುಳಿತೆ.

ಎರಡೂ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 87 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ ಹತ್ತೂವರೆ ನಿಮಿಷ ಸಾಕು. ಏರುವ, ಇಳಿಯುವ ಹೊತ್ತು ಸೇರಿಸಿದರೆ ಅರ್ಧ ಗಂಟೆ. ಆದರೆ ಒಂದು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು; ಆಚೆ ಶ್ರೀನಿವಾಸ ಸರಡಗಿಯಲ್ಲಿಳಿದು ಕಲಬುರಗಿ ನಗರ ಸೇರಬೇಕು. ಒಟ್ಟು ಎರಡು ಗಂಟೆ ಮೀರುತ್ತದೆ. ನಮ್ಮ ಹುಮನಾಬಾದಿನ ಮೇಲೆ ಹೋಗುವ ಬಸ್ಸೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಮುಟ್ಟಿಸುತ್ತದೆ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 110 ಕಿ.ಮೀ. ರೈಲು ಮಾರ್ಗವೂ ಇದೆ. ಆದ್ದರಿಂದ ಈ ಎರಡು ಊರುಗಳ ನಡುವೆ ವಿಮಾನ ಬೇಕೆನ್ನುವುದು ವ್ಯರ್ಥ.

ನಮಗೆ ಬೇಕಾದುದು ಬೇರೆ. ಕಲಬುರಗಿಯ ನಿಲ್ದಾಣ 2019ರ ನವೆಂಬರಿನಲ್ಲಿಯೂ ಬೀದರದ್ದು 2020ರ ಫೆಬ್ರುವರಿಯಲ್ಲಿಯೂ ಉದ್ಘಾಟನೆಗೊಂಡವು. ಹೈದರಾಬಾದ್ ನಿಲ್ದಾಣದಿಂದ 150 ಕಿ.ಮೀ. ಒಳಗೆ ಮತ್ತೊಂದು ನಿಲ್ದಾಣ ಕೂಡದೆಂಬ ಕರಾರಿನಿಂದಾಗಿ ಬೀದರದವರು ವರ್ಷಗಟ್ಟಲೆ ಕಾದಿದ್ದರು. ಅಷ್ಟು ಕಾದು ಪಡೆದ ಬೆಂಗಳೂರಿನ ವಿಮಾನ ಮಧ್ಯೆ ಮಧ್ಯೆ ನಿಂತಿತು. 2023ರ ಡಿಸೆಂಬರಿನಲ್ಲಿ ನಿಂತದ್ದು ಮತ್ತೆ ಹಾರಿದ್ದು 2025ರ ಏಪ್ರಿಲಿನಲ್ಲಿ.

ಆ ಅಂತರದಲ್ಲಿಯೇ, 2024ರಲ್ಲಿ, ನನ್ನ ಅಕ್ಕ ತೀರಿಕೊಂಡಳು. ಬೆಂಗಳೂರಿನಲ್ಲಿದ್ದ ಅವಳ ಮಗ ಹೈದರಾಬಾದಿಗೆ ಹಾರಿ ಬಂದ. ಆಕಾಶದಲ್ಲಿ ಕಳೆದದ್ದು ಒಂದು ಗಂಟೆ ಚಿಲ್ಲರೆ. ಅಲ್ಲಿಂದ ಹುಮನಾಬಾದಿಗೆ ಕಾರಿನಲ್ಲಿ ಅದರ ಮೂರು ಪಟ್ಟು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಅವಸರಿಸಿದರು. ಅವನು ಬಂದಾಗ ಎಲ್ಲವೂ ಮುಗಿದಿತ್ತು. ತಾಯಿಯ ಮುಖ ಕಾಣದೆ ಹೋದುದನ್ನು ಅವನು ಇಂದಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಇನ್ನೊಂದು ತಾಸು ಕಾಯೋಣವೆಂದು ನಾನಾದರೂ ಗಟ್ಟಿಯಾಗಿ ಹೇಳಬೇಕಿತ್ತು.

ಉಡಾನ್ ಯೋಜನೆಯಲ್ಲಿ ವಿಮಾನ ಸಂಸ್ಥೆಗೆ ದೊರೆಯುವ ನಷ್ಟಭರ್ತಿ ಮೂರು ವರ್ಷಗಳ ಮಟ್ಟಿಗೆ. ಅಷ್ಟರಲ್ಲಿ ಜನರಿಗೆ ರೂಢಿಯಾಗಬೇಕು. ಯಾವ ದಿನ ಹಾರುವುದೋ, ಯಾವಾಗ ನಿಲ್ಲುವುದೋ ತಿಳಿಯದಿದ್ದರೆ ರೂಢಿಯಾಗುವುದು ಹೇಗೆ? ಜನರಿಲ್ಲವೆಂದು ವಿಮಾನವಿಲ್ಲ, ವಿಮಾನದ ಭರವಸೆಯಿಲ್ಲವೆಂದು ಜನರಿಲ್ಲ.

ಬೀದರ ಹೆಚ್ಚೋ ಕಲಬುರಗಿ ಹೆಚ್ಚೋ ಎಂಬ ಜಗಳ ಎರಡರ ನಡುವಿನ ಹುಮನಾಬಾದಿನವರಿಗೆ ಬೇಡ. ಒಂದು ನಿಲ್ದಾಣದಲ್ಲಿ ವಿಮಾನವಿಲ್ಲದ ದಿನ ಇನ್ನೊಂದರಲ್ಲಿ ಇರಲಿ. ಅದರ ವೇಳೆಗೆ ಹೊಂದುವ ಬಸ್ಸು ಬಸವಕಲ್ಯಾಣ, ಹುಮನಾಬಾದುಗಳಿಂದ ಹೊರಡಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಎರಡೂ ಜಿಲ್ಲೆಯವರು ಕೂಡಿ ಕುಳಿತು ಒಂದು ವೇಳಾಪಟ್ಟಿ ಬರೆದರೆ ಸಾಕು.

ಮಕ್ಕಳೇ, ವೇಗ–ಕಾಲ–ದೂರದ ಲೆಕ್ಕಗಳಲ್ಲಿ ಕಾಯುವ ಹೊತ್ತನ್ನು ನಾನು ನಿಮಗೆ ಎಂದೂ ಕೂಡಿಸಲು ಹೇಳಲಿಲ್ಲ. ಅದು ನನ್ನ ತಪ್ಪು. ನಿಮ್ಮಲ್ಲಿ ಕೆಲವರು ಇಂದು ಅಧಿಕಾರದ ಸ್ಥಾನಗಳಲ್ಲಿದ್ದೀರಿ, ನೀವಾದರೂ ಕೂಡಿಸಿರಿ.