ಕ್ಯಾಸಲ್‌ಟನ್ನಿನ ಕೋಟೆಯೂ ಕಾಲುದಾರಿಯೂ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಎಂಬ ಎರಡು ಕೈಗಾರಿಕಾ ನಗರಗಳ ನಡುವೆ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡನಾಡಿದೆ. ಅಲ್ಲಿ, ಡರ್ಬಿಶೈರ್ ಕೌಂಟಿಗೆ ಸೇರಿದ ಕ್ಯಾಸಲ್‌ಟನ್ ಒಂದು ಪುಟ್ಟ ಹಳ್ಳಿ. ಪ್ರವಾಸಿ ಕೈಪಿಡಿಗಳು ಈ ಹಳ್ಳಿಯ ಸುತ್ತ ನೋಡತಕ್ಕ ಸ್ಥಳಗಳನ್ನು ಉದ್ದವಾಗಿ ಪಟ್ಟಿ ಮಾಡುತ್ತವೆ: ಕೋಟೆ, ಗುಹೆಗಳು, ಬ್ಲೂ ಜಾನ್ ಎಂಬ ಪಟ್ಟೆಪಟ್ಟೆಯ ಹರಳುಕಲ್ಲು, ಬೆಟ್ಟದ ನೆತ್ತಿಯಿಂದ ಕಾಣುವ ಕಣಿವೆ. ಇವೆಲ್ಲವೂ ನೋಡತಕ್ಕವೇ, ಸಂದೇಹವಿಲ್ಲ. ಆದರೆ ಇವುಗಳನ್ನೆಲ್ಲ ಒಂದಕ್ಕೊಂದು ಹೊಲಿದಿರುವ ಕಾಲುದಾರಿಗಳೇ ಆ ಊರಿನ ಅತ್ಯಂತ ಬೆಲೆಬಾಳುವ ಸ್ಮಾರಕವೆಂದು ನಾನು ತಿಳಿದಿದ್ದೇನೆ. ಗುಡ್ಡಗಾಡಿನ ಪ್ರವಾಸೋದ್ಯಮವೆಂದರೆ ರೆಸಾರ್ಟು, ಜೀಪು ಮತ್ತು ವ್ಯೂ ಪಾಯಿಂಟ್ ಎಂದು ನಂಬಿರುವ ನಾವು ಈ ಮಾತನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕಾಗಿದೆ.

ಮೊದಲು ಕೋಟೆ. ಊರಿಗೆ ಹೆಸರು ಬಂದದ್ದೇ ಅದರಿಂದ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ವಿಲಿಯಂ ಪೆವೆರಿಲ್ ಎಂಬ ಸಾಮಂತ ಇದನ್ನು ಕಟ್ಟಿಸಿದ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಇದರ ಉಲ್ಲೇಖವಿದೆ. ಇಂದು ನಿಂತಿರುವ ಚೌಕಾಕಾರದ ಬುರುಜು ಎರಡನೆಯ ಹೆನ್ರಿ ದೊರೆಯ ಕಾಲದ್ದು. ಕೋಟೆಯೆಂದರೆ ಯುದ್ಧವೇ ನೆನಪಾಗುತ್ತದೆ. ಇದಕ್ಕೆ ಇನ್ನೊಂದು ಕೆಲಸವೂ ಇತ್ತು. ಸುತ್ತಲಿನ ವಿಸ್ತಾರವಾದ ಪ್ರದೇಶವು ದೊರೆಯ ಬೇಟೆಗೆ ಮೀಸಲಾದ ಅರಣ್ಯವಾಗಿತ್ತು. ಅದರ ಆಡಳಿತ, ಅತಿಕ್ರಮಿಸಿದವರಿಗೆ ದಂಡ, ಎಲ್ಲವೂ ಇಂಥ ನೆಲೆಗಳಿಂದಲೇ ನಡೆಯುತ್ತಿದ್ದವು. ಅಂದಿನ ಅರಣ್ಯ ಇಲಾಖೆಯ ಕಚೇರಿ ಎಂದರೆ ನಮ್ಮ ಓದುಗರಿಗೆ ಬೇಗ ಅರ್ಥವಾದೀತು. ಕೋಟೆಯ ಬುಡದಲ್ಲೇ ಪೀಕ್ ಕ್ಯಾವರ್ನ್ ಎಂಬ ಸುಣ್ಣಕಲ್ಲಿನ ಗುಹೆ ಬಾಯ್ತೆರೆದಿದೆ. ಆ ಬಾಯೊಳಗೆ ನಾಲ್ಕು ಶತಮಾನ ಕಾಲ ಹಗ್ಗ ಹೊಸೆಯುವ ಕುಟುಂಬಗಳು ಗುಡಿಸಲು ಕಟ್ಟಿಕೊಂಡು ಬಾಳಿದವು. ಸುತ್ತಲಿನ ಸೀಸದ ಗಣಿಗಳಿಗೆ ಹಗ್ಗ ಬೇಕಿತ್ತು, ಹಗ್ಗಕ್ಕೆ ಗುಹೆಯ ತೇವ ಹಿತವಾಗಿತ್ತು.

ಊರಿನ ಪಶ್ಚಿಮಕ್ಕೆ ಮ್ಯಾಮ್ ಟಾರ್ ಎಂಬ 517 ಮೀಟರ್ ಎತ್ತರದ ಬೆಟ್ಟ. ನೆತ್ತಿಯ ಮೇಲೆ ಇತಿಹಾಸಪೂರ್ವ ಕಾಲದ ಮಣ್ಣಿನ ಕೋಟೆಯ ಗುರುತುಗಳಿವೆ. ಕೃಷಿ ವಿಜ್ಞಾನದ ವಿದ್ಯಾರ್ಥಿಗಳನ್ನು ಕರೆದೊಯ್ಯುವುದಾದರೆ ನಾನು ನೆತ್ತಿಗಿಂತ ಮೊದಲು ಅದರ ಪೂರ್ವದ ಇಳಿಜಾರಿಗೆ ಕರೆದೊಯ್ಯುತ್ತೇನೆ. ಮೇಲೆ ಮರಳುಗಲ್ಲಿನ ಪದರಗಳು, ಕೆಳಗೆ ನೀರು ತಾಗಿದರೆ ಮೆತ್ತಗಾಗುವ ಜೇಡಿ ಪದರುಗಲ್ಲು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಜಾರಿದ ಈ ಮೈ ಇಂದಿಗೂ ಜಾರುತ್ತಲೇ ಇದೆ. ಮಳೆ ಹೆಚ್ಚಾದ ಚಳಿಗಾಲದಲ್ಲಿ ವೇಗ ಹೆಚ್ಚುತ್ತದೆ. 19ನೇ ಶತಮಾನದ ಆರಂಭದಲ್ಲಿ ಸುಂಕದ ರಸ್ತೆಯ ಕಂಪನಿಯೊಂದು ಈ ಜಾರುಮೈಯ ಮೇಲೆಯೇ ಹೆದ್ದಾರಿಯನ್ನು ಹಾಯಿಸಿತು. ರಸ್ತೆ ಕುಸಿಯಿತು, ತುಂಬಿದರು. ಮತ್ತೆ ಕುಸಿಯಿತು, ಮತ್ತೆ ಡಾಂಬರು ಹಾಕಿದರು. ಕೊನೆಗೆ 1979ರಲ್ಲಿ ಸರ್ಕಾರ ಕೈಚೆಲ್ಲಿ ರಸ್ತೆಯನ್ನು ಶಾಶ್ವತವಾಗಿ ಮುಚ್ಚಿತು. ಬಾಯ್ಬಿಟ್ಟ ಆ ರಸ್ತೆಯಲ್ಲಿ ಡಾಂಬರಿನ ಪದರಗಳು ಒಂದರ ಮೇಲೊಂದು ಕೂತಿರುವುದನ್ನು ಎಣಿಸಬಹುದು. ಪ್ರತಿ ಪದರವೂ ಒಂದೊಂದು ರಿಪೇರಿಯ ಬಿಲ್ಲು. ಘಟ್ಟ ಕಡಿದು ಚತುಷ್ಪಥ ಮಾಡಬೇಕೆನ್ನುವ ನಮ್ಮ ಎಂಜಿನಿಯರುಗಳಿಗೆ ಇಲ್ಲಿಗೊಂದು ಪ್ರವಾಸ ಏರ್ಪಡಿಸುವುದು ಒಳ್ಳೆಯದು.

ಮ್ಯಾಮ್ ಟಾರ್‌ನಿಂದ ದಿಣ್ಣೆಯ ಬೆನ್ನ ಮೇಲೆ ಪೂರ್ವಕ್ಕೆ ನಡೆದರೆ ಹಾಲಿನ್ಸ್ ಕ್ರಾಸ್ ಎಂಬ ಕಣಿವೆದಾರಿ ಸಿಗುತ್ತದೆ. ದಿಣ್ಣೆಯಾಚೆ ಈಡೇಲ್ ಹಳ್ಳಿ. 17ನೇ ಶತಮಾನದಲ್ಲಿ ಈಡೇಲ್‌ನವರು ತಮ್ಮದೇ ಪ್ರಾರ್ಥನಾಮಂದಿರ ಕಟ್ಟಿಕೊಳ್ಳುವವರೆಗೂ ಹೆಣಗಳನ್ನು ಹೊತ್ತು ಈ ದಿಣ್ಣೆ ಹತ್ತಿ ಕ್ಯಾಸಲ್‌ಟನ್ನಿಗೆ ಇಳಿಯುತ್ತಿದ್ದರು. ಮುಂದೆ ಈಡೇಲ್‌ನಲ್ಲಿ ಹತ್ತಿಯ ಗಿರಣಿ ಬಂದಾಗ ಕ್ಯಾಸಲ್‌ಟನ್ನಿನ ಹೆಂಗಸರು ಇದೇ ದಾರಿಯಲ್ಲಿ ಕೂಲಿಗೆ ಹೋಗಿ ಬಂದರು. ಇಂದು ಪ್ರವಾಸಿಗರು ‘ರಮ್ಯ’ ಎಂದು ಬಣ್ಣಿಸುವ ದಾರಿ ಹೆಣದ ದಾರಿ, ಕೂಲಿಯ ದಾರಿ. ಹೊಲ, ಹುಲ್ಲುಗಾವಲು, ಕುರಿದೊಡ್ಡಿಗಳ ನಡುವೆ ಹಾಯುವ ಇಂಥ ದಾರಿಗಳ ನೆಲದ ಒಡೆತನ ಬಹುಮಟ್ಟಿಗೆ ಖಾಸಗಿ, ನಡೆಯುವ ಹಕ್ಕು ಸಾರ್ವಜನಿಕ. 1949ರ ಕಾಯಿದೆಯು ಪ್ರತಿ ಕೌಂಟಿಯೂ ಇವುಗಳನ್ನು ನಕಾಶೆಯಲ್ಲಿ ಗುರುತಿಸಬೇಕೆಂದು ವಿಧಿಸಿತು. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೀಗೆ ದಾಖಲಾದ ಹಕ್ಕಿನ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿ.ಮೀ. ಹೊಲದ ನಡುವಿನ ಕಾಲುದಾರಿಯನ್ನು ರೈತ ಬಿತ್ತನೆಗಾಗಿ ಉತ್ತರೆ 14 ದಿನಗಳೊಳಗೆ ನಡೆಯುವಂತೆ ಸಮಮಾಡಿ ಕೊಡಬೇಕು. ಹೊಲದಂಚಿನ ದಾರಿಯನ್ನಾದರೋ ಉಳುವಂತೆಯೇ ಇಲ್ಲ. ರೈತನ ಉಳುಮೆಗೂ ದಾರಿಹೋಕನ ಪಾದಕ್ಕೂ ಒಂದೇ ಹೊಲದಲ್ಲಿ ಜಾಗವಿರುವ ಈ ಏರ್ಪಾಟು ನನಗೆ ಕೋಟೆಯ ಬುರುಜಿಗಿಂತ ದೊಡ್ಡ ಶಿಲ್ಪವಾಗಿ ತೋರುತ್ತದೆ.

ಇದು ಯಾರ ಔದಾರ್ಯದಿಂದಲೂ ಬಂದುದಲ್ಲ. ಈಡೇಲ್‌ನ ಉತ್ತರಕ್ಕಿರುವ ಕಿಂಡರ್ ಸ್ಕೌಟ್, 636 ಮೀಟರ್ ಎತ್ತರದ ಪ್ರಸ್ಥಭೂಮಿ, ಒಂದು ಕಾಲಕ್ಕೆ ಶ್ರೀಮಂತರು ಗ್ರೌಸ್ ಹಕ್ಕಿಗಳನ್ನು ಬೇಟೆಯಾಡಲು ಕಾಯ್ದಿಟ್ಟ ನೆಲ. ನಗರದ ಗಿರಣಿ ಕಾರ್ಮಿಕರು ಭಾನುವಾರ ಗಾಳಿ ಕುಡಿಯಲು ಬಂದರೆ ಕಾವಲುಗಾರರು ಅಟ್ಟುತ್ತಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ 20 ವರ್ಷದ ಯುವಕನ ಮುಂದಾಳತ್ವದಲ್ಲಿ ನೂರಾರು ಮಂದಿ ಬೇಕೆಂದೇ ಕಿಂಡರ್ ಏರಿದರು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸವಾಯಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದ ಕಾಯಿದೆ ಇಂಥ ಬಯಲುಬೆಟ್ಟಗಳಲ್ಲಿ ಅಲೆದಾಡುವ ಹಕ್ಕನ್ನೇ ಕೊಟ್ಟಿತು. 2002ರಲ್ಲಿ, ಹೋರಾಟದ 70ನೇ ವರ್ಷದ ಸಭೆಯಲ್ಲಿ, ಅಂದಿನ ಡೆವನ್‌ಶೈರ್ ಡ್ಯೂಕ್ ತನ್ನ ಅಜ್ಜನ ಕಾಲದ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದ.

‘ರಾಷ್ಟ್ರೀಯ ಉದ್ಯಾನ’ ಎಂಬ ಶಬ್ದದ ಬಳಿ ನಾವು ನಿಲ್ಲಬೇಕು. ಅಲ್ಲಿನ ಉದ್ಯಾನದೊಳಗೆ 35,000ಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ. ನೆಲದ ಬಹುಭಾಗ ಖಾಸಗಿಯದು, ಕುರಿ ಮೇಯುತ್ತದೆ, ಹುಲ್ಲು ಕೊಯ್ಲಾಗುತ್ತದೆ. ನಮ್ಮ 1972ರ ವನ್ಯಜೀವಿ ಕಾಯಿದೆಯಲ್ಲಿ ಅದೇ ಶಬ್ದದ ಅರ್ಥ ಬೇರೆ. ಅಲ್ಲಿ ಮನುಷ್ಯನ ಹಕ್ಕು ಕೊನೆಗೊಂಡ ಮೇಲೆ ಉದ್ಯಾನ ಆರಂಭವಾಗುತ್ತದೆ. ಕುದುರೆಮುಖದ ಮಗ್ಗುಲಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ತೆಗೆಯಲಾಯಿತು, ಗದ್ದೆ ಮಾಡಿಕೊಂಡಿದ್ದವರಿಗೆ ಮಾತ್ರ ಹೊರಡುವ ಮಾತು ಕೇಳಿಬಂತು. ಇಂಗ್ಲೆಂಡನ್ನು ಹೊಗಳಲು ಹೇಳಿದ್ದಲ್ಲ. ಕ್ಯಾಸಲ್‌ಟನ್ನಿನ ನೆರೆಯಲ್ಲೇ, ಉದ್ಯಾನದ ಒಳಗೇ, 1929ರಿಂದ ಸಿಮೆಂಟ್ ಕಾರ್ಖಾನೆಯೂ ಸುಣ್ಣಕಲ್ಲಿನ ಕ್ವಾರಿಯೂ ಹೊಗೆಯಾಡುತ್ತಿವೆ. ಕೋಟೆಯಿಂದ ತೆಗೆದ ಚಿತ್ರಗಳಲ್ಲಿ ಆ ಚಿಮಣಿಯನ್ನು ಜಾಣತನದಿಂದ ಹೊರಗಿಡುತ್ತಾರೆ.

ಕಿಂಡರ್‌ನ ಮಣ್ಣಿನ ಕಥೆಯೂ ಹಾಗೆಯೇ. ಅಲ್ಲಿರುವುದು ಪೀಟ್, ಅಂದರೆ ನೀರಿನಲ್ಲಿ ನೆನೆದು ಅರೆಕೊಳೆತ ಸಸ್ಯಗಳ ಕಪ್ಪು ಪದರ. ಅದನ್ನು ಕಟ್ಟುವುದು ಸ್ಫ್ಯಾಗ್ನಮ್ ಎಂಬ ಪಾಚಿ. ಒಂದು ಮಿಲಿಮೀಟರ್ ಪೀಟ್ ಕೂಡಲು ಸುಮಾರು ಒಂದು ವರ್ಷ ಬೇಕು. ಗಿರಣಿಗಳ ಗಂಧಕದ ಹೊಗೆ ಒಂದೂವರೆ ಶತಮಾನದಲ್ಲಿ ಆ ಪಾಚಿಯನ್ನು ಕೊಂದಿತು. ಮಣ್ಣಿನ ಪಿಎಚ್ 3ರ ಸುಮಾರಿಗೆ ಇಳಿಯಿತು. ಅತಿಮೇವು, ಬೆಂಕಿಗಳು ಉಳಿದುದನ್ನು ಬರಿದುಮಾಡಿದವು. 2003ರಿಂದ ಅಲ್ಲಿ ಸುಣ್ಣ ಎರಚಿ, ಹುಲ್ಲು ಬಿತ್ತಿ, ಕೊರಕಲುಗಳಿಗೆ ಕಲ್ಲಿನ ಒಡ್ಡು ಕಟ್ಟಿ, ಪಾಚಿಯ ಸಸಿಗಳನ್ನು ಕೈಯಿಂದ ನೆಡುತ್ತಿದ್ದಾರೆ. ನಡೆಯುವವರ ಪಾದಗಳಿಂದ ಪೀಟ್ ಕೊಚ್ಚಿಹೋಗದಂತೆ ಕೆಡವಿದ ಹಳೆಯ ಗಿರಣಿಗಳ ಚಪ್ಪಡಿಗಳನ್ನು ಹೆಲಿಕಾಪ್ಟರಿನಲ್ಲಿ ತಂದು ದಾರಿಗೆ ಹಾಸಿದ್ದಾರೆ. ಹೊಗೆಯುಗುಳಿದ ಗಿರಣಿಯ ನೆಲವೇ ಬೆಟ್ಟಕ್ಕೆ ಪರಿಹಾರವಾಗಿ ಬಂದಂತಾಯಿತು.

ಈಗಿನ ಉಪದ್ರವ ಕಾರು. ಮ್ಯಾಮ್ ಟಾರ್‌ನ ಸೂರ್ಯೋದಯದ ಚಿತ್ರ ಮೊಬೈಲುಗಳಲ್ಲಿ ಹರಡಿದಂತೆ, ನಸುಕಿನಲ್ಲೇ ರಸ್ತೆಯಂಚಿಗೆ ಕಾರುಗಳ ಸಾಲು ನಿಂತು ತುರ್ತು ವಾಹನಗಳಿಗೂ ದಾರಿಯಿಲ್ಲದಂತಾದ ದಿನಗಳಿವೆ. ವಿಚಿತ್ರವೆಂದರೆ, ಮ್ಯಾಂಚೆಸ್ಟರ್–ಶೆಫೀಲ್ಡ್ ರೈಲು 1894ರಿಂದಲೂ ಈಡೇಲ್ ಮತ್ತು ಹೋಪ್ ನಿಲ್ದಾಣಗಳಿಗೆ ಬರುತ್ತಿದೆ. ಇಳಿದು ನಡೆದರೆ ಸಾಕು.

ಅಲ್ಲಿಯೂ ಎಷ್ಟೋ ಹಳೆಯ ದಾರಿಗಳು ದಾಖಲೆ ಸೇರಿಲ್ಲ. 1949ಕ್ಕೂ ಹಿಂದಿನವನ್ನು ನೋಂದಾಯಿಸಲು 2026ರ ಗಡುವು ವಿಧಿಸಲಾಗಿತ್ತು, ಅದನ್ನು 2031ಕ್ಕೆ ಮುಂದೂಡಲಾಯಿತು. 2024ರ ಡಿಸೆಂಬರಿನಲ್ಲಿ ಸರ್ಕಾರ ಗಡುವನ್ನೇ ರದ್ದುಮಾಡುವುದಾಗಿ ಪ್ರಕಟಿಸಿತು. ಈ ನಡುವೆ ಸ್ವಯಂಸೇವಕರು ಹಳೆಯ ನಕಾಶೆಗಳನ್ನು ಹರಡಿಕೊಂಡು ಗೆರೆಗಳನ್ನು ಹುಡುಕಿದರು. ನಮಗೂ ಬ್ರಿಟಿಷರ ಭೂಮಾಪನದಿಂದ ಬಂದ ಗ್ರಾಮ ನಕಾಶೆಗಳಿವೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ಮಲೆನಾಡಿನ ಪ್ರತಿ ಬೇಲಿ ಜಗಳದಲ್ಲೂ ಕೇಳಿಬರುತ್ತದೆ. ಶಾಲೆಗೆ, ಹೊಳೆದಾಟಿಗೆ, ಸೊಪ್ಪಿನಬೆಟ್ಟಕ್ಕೆ, ಸಂತೆಗೆ ಹೋಗುತ್ತಿದ್ದ ದಾರಿಗಳ ಮೇಲೆ ಇಂದು ಎಸ್ಟೇಟುಗಳ ಗೇಟು, ಸೌರ ಬೇಲಿ, ಹೋಂಸ್ಟೇಗಳ ಕಾಂಪೌಂಡು ಎದ್ದಿವೆ. ನಕಾಶೆಯ ಪ್ರತಿ ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಸಿಗುತ್ತದೆ. ಬೇಸಿಗೆ ರಜೆಯಲ್ಲಿ ನಮ್ಮ ವಿದ್ಯಾರ್ಥಿಗಳು ಊರಿನ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಆ ತುಂಡುಗೆರೆಗಳ ಗುಂಟ ನಡೆದು, ಎಲ್ಲಿ ದಾರಿ ಉಳಿದಿದೆ, ಎಲ್ಲಿ ಬೇಲಿ ಬಿದ್ದಿದೆ ಎಂದು ಬರೆದು ಕಳಿಸಿದರೆ ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ಗ್ರಾಮವಾರು ಪ್ರಕಟಿಸಬಹುದು.